ಐದನೇ ಏಟಿನ ಜಾಗ

ಕಳೆದ ಭಾನುವಾರ ಬೆಳಗ್ಗೆ, ಚಳಿ ಶುರುವಾಯಿತೆಂದು ಟ್ರಂಕಿನಿಂದ ಸ್ವೆಟರುಗಳನ್ನು ತೆಗೆಯುತ್ತಿದ್ದೆ. ಮುಚ್ಚಳ ಎತ್ತಿದ ಕೂಡಲೇ ನುಸಿಗುಳಿಗೆಯ ವಾಸನೆ ಬಂತು. ಅದು ಯಾರಿಗೂ ಅಷ್ಟು ಇಷ್ಟದ ವಾಸನೆಯಲ್ಲ. ನನಗೆ ಮಾತ್ರ ಅದು ಮೂಗಿಗೆ ಬಿದ್ದರೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಬಲಗೈ ನನ್ನನ್ನು ಕೇಳದೆ ಒಂದು ಗೇಣು ಮೇಲೆದ್ದು ಅಲ್ಲೇ ನಿಲ್ಲುತ್ತದೆ. ಟ್ರಂಕಿನ ಮುಂದೆ ಹಾಗೆ ಕೈ ಎತ್ತಿಕೊಂಡು ಕೂತಿದ್ದವಳನ್ನು ಅಮ್ಮ ನೋಡಿದರು.

"ಏನೇ ಅದು, ಜಿರಲೆನಾ?"

"ಅಲ್ಲಮ್ಮ, ಹಾಡು."

"ಅಯ್ಯೋ ಶಿವನೇ, ಆ ತಗಡಿನ ಹುಚ್ಚು ಇನ್ನೂ ಇಳೀಲಿಲ್ವಾ ನಿಂಗೆ?" ಎಂದು ಅಡುಗೆಮನೆಗೆ ಹೋದರು.

ಇಳಿದಿಲ್ಲ. ನಾಲ್ಕು ವರ್ಷದ ಹಿಂದಿನ ಮಳೆಗಾಲದಲ್ಲಿ ಇಳಿದೇಬಿಟ್ಟಿತು ಎಂದುಕೊಂಡಿದ್ದೆ. ಶ್ರಾವಣದಿಂದ ಕಾರ್ತಿಕದವರೆಗಿನ ಆ ದಿನಗಳಲ್ಲಿ ನಾನು ಏನು ಮಾಡಿದೆ ಎಂಬುದನ್ನು ಆದಷ್ಟೂ ಇದ್ದ ಹಾಗೇ ಬರೆಯುತ್ತೇನೆ. ಒಂದು ಕಡೆ ನನಗೇ ಸರಿಯಾಗಿ ಗೊತ್ತಿಲ್ಲ. ಅಲ್ಲಿ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ತಗಡು ಎಂಬುದು ನಮ್ಮ ತುಮಕೂರಿನ ಒಂದು ರಾಕ್ ಬ್ಯಾಂಡಿನ ಹೆಸರು. ಹಾಡುವುದು, ಗಿಟಾರ್ ಬಾರಿಸುವುದು ಲೋಕೇಶ, ಎಲ್ಲರ ಬಾಯಲ್ಲಿ ಲೋಕಿ. ಡ್ರಮ್ಸ್ ಅನ್ವರ್‌ದು. ಬೇಸ್ ಗಿಟಾರಿಗೆ ಮಾತ್ರ ಎರಡು ವರ್ಷಕ್ಕೊಬ್ಬರು ಬದಲಾಗುತ್ತಿದ್ದರು. ಹಿರೇಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅನ್ವರ್‌ನ ಚಿಕ್ಕಪ್ಪನಿಗೆ ವೆಲ್ಡಿಂಗ್ ಶೆಡ್ ಇತ್ತು. ರಜೆಯ ದಿನ ಅಲ್ಲಿ ಅವರ ಅಭ್ಯಾಸ. ಸೂರಿಗೂ ತಗಡು, ಗೋಡೆಗೂ ತಗಡು. ಅನ್ವರ್ ಒಂದು ಏಟು ಹಾಕಿದರೆ ಸುತ್ತಲಿನ ತಗಡೆಲ್ಲ ಗಡಗಡ ನಡುಗುತ್ತಿತ್ತು. ಆ ಸದ್ದನ್ನು ನಿಲ್ಲಿಸಲಾಗದೆ ಅವರು ಅದನ್ನೇ ಹಾಡಿನೊಳಗೆ ಸೇರಿಸಿಕೊಂಡರು, ಹೆಸರನ್ನೂ ಅದರದ್ದೇ ಇಟ್ಟುಕೊಂಡರು.

ನಾನು ಅವರನ್ನು ಮೊದಲು ಕೇಳಿದ್ದು ಕ್ಯಾತ್ಸಂದ್ರದ ಹಾಸ್ಟೆಲಿನಲ್ಲಿದ್ದಾಗ, ಡಿಪ್ಲೊಮಾ ಎರಡನೇ ವರ್ಷದಲ್ಲಿ. ರೂಮಿನ ಗೆಳತಿ ಭಾಗ್ಯ ಯಾವುದೋ ಕಾಲೇಜಿನ ಕಾರ್ಯಕ್ರಮಕ್ಕೆ ಎಳೆದುಕೊಂಡು ಹೋಗಿದ್ದಳು. ಲೋಕಿ 'ಎರಡನೇ ಪಾಳಿ' ಎಂಬ ಹಾಡು ಹಾಡಿದ. ಸೈರನ್ ಕೂಗಿದಾಗ ಊಟದ ಡಬ್ಬಿ ಹಿಡಿದು ಸೈಕಲ್ ಹತ್ತಿ ಕಾರ್ಖಾನೆಗೆ ಹೋಗುವ ಮನುಷ್ಯನೊಬ್ಬನ ಹಾಡು. ಆ ಮನುಷ್ಯ ಲೋಕಿಯ ಅಪ್ಪ. ಗಿಟಾರಿನಲ್ಲಿ ಎಂಟು ಸ್ವರದ ಒಂದು ತುಣುಕು ಮತ್ತೆ ಮತ್ತೆ ಬರುತ್ತಿತ್ತು, ಗರಗಸದ ಹಾಗೆ. ಲೋಕಿ ಹಾಡಲಿಲ್ಲ, ಅರಚಿದ. ನಮ್ಮಪ್ಪನೂ ಪಾಳಿಯ ಕೆಲಸದಲ್ಲೇ ಸವೆದು ಹೋದವರು. ಅವರ ಬಗ್ಗೆ ನನ್ನೊಳಗೆ ಇದ್ದ ಸಿಟ್ಟನ್ನು ಬೇರೆ ಯಾರೋ ಅಷ್ಟು ಜೋರಾಗಿ ಹೇಳಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಹಾಸ್ಟೆಲಿಗೆ ವಾಪಸ್ ನಡೆದು ಬರುವಾಗ ಭಾಗ್ಯ ಏನೋ ಹೇಳುತ್ತಿದ್ದಳು. ನನಗೆ ಕಿವಿ ಗುಂಯ್ ಎನ್ನುತ್ತಿತ್ತು, ನಗು ತಡೆಯಲು ಆಗುತ್ತಿರಲಿಲ್ಲ.

ಅಲ್ಲಿಂದ ಹನ್ನೆರಡು ವರ್ಷ ತುಮಕೂರು, ಗುಬ್ಬಿ, ಕುಣಿಗಲ್ ಎಂದು ಅವರು ಎಲ್ಲಿ ಬಾರಿಸಿದರೂ ಹೋದೆ. ನಮ್ಮಂಥವರು ಒಂದು ಗುಂಪಾದೆವು. ನಮ್ಮಲ್ಲಿ ಒಂದು ಪದ್ಧತಿ ಬೆಳೆಯಿತು. ಅಂಗೈ ಅಗಲದ ತಗಡು, ಅದನ್ನು ಬಡಿಯಲು ಒಂದು ದಪ್ಪ ಬೋಲ್ಟು, ಇವೆರಡನ್ನೂ ಎಲ್ಲರೂ ಚೀಲದಲ್ಲಿಟ್ಟುಕೊಂಡು ಬರುತ್ತಿದ್ದೆವು. ನನ್ನದು ಎಣ್ಣೆ ಡಬ್ಬದ ಪಕ್ಕದಿಂದ ಕತ್ತರಿಸಿದ್ದು, ಕೈ ಕುಯ್ಯದ ಹಾಗೆ ಅಂಚು ಮಡಿಸಿದ್ದೆ. ಷೋ ಶುರುವಾಗುವಾಗ ಅನ್ವರ್ ಕಡ್ಡಿಗೆ ಕಡ್ಡಿ ತಟ್ಟಿ ನಾಲ್ಕು ಎಣಿಸುತ್ತಿದ್ದ. ಟಕ್, ಟಕ್, ಟಕ್, ಟಕ್. ಐದನೇ ಏಟು ನಮ್ಮದು. ನಲವತ್ತು ಐವತ್ತು ತಗಡು ಒಟ್ಟಿಗೆ ಸಿಡಿಯಬೇಕು, ಅದರ ಮೇಲೆ ಗಿಟಾರ್ ಬೀಳಬೇಕು. ನಾನು ಯಾವಾಗಲೂ ಅನ್ವರ್‌ಗೆ ಹತ್ತಿರ, ಬಲಗಡೆ ಮುಂದೆ ನಿಲ್ಲುತ್ತಿದ್ದೆ. ಉಳಿದವರು ನನ್ನ ಕೈ ನೋಡಿಕೊಂಡು ಹೊಡೆಯುತ್ತಿದ್ದರು. ಹೀಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ.

ಓದು ಮುಗಿದ ಮೇಲೆ ಹಿರೇಹಳ್ಳಿಯಲ್ಲೇ ನನಗೆ ಕೆಲಸ ಸಿಕ್ಕಿತು. ಬೇರಿಂಗಿನ ರಿಂಗುಗಳನ್ನು ಗೇಜ್ ಹಾಕಿ ಅಳೆದು ನೋಡುವುದು. ಪಾಸ್ ಆದದ್ದು ಹಸಿರು ಟ್ರೇಗೆ, ಆಗದ್ದು ಕೆಂಪು ಟ್ರೇಗೆ. ಕಣ್ಣಳತೆಯಲ್ಲಿ ಕೆಂಪು ಟ್ರೇಗೆ ಹಾಕುವ ಹಾಗಿಲ್ಲ. ಕ್ಯಾತ್ಸಂದ್ರದಲ್ಲಿ ಮನೆ ಮಾಡಿ, ಅಪ್ಪ ಹೋದ ಮೇಲೆ ಅಮ್ಮನನ್ನು ಕರೆಸಿಕೊಂಡೆ. ಫೋನಿನಲ್ಲಿ 'ತಗಡು ಬಳಗ' ಎಂಬ ಗುಂಪು ಮಾಡಿದ್ದೆ, ನಾನೇ ಅದರ ಅಡ್ಮಿನ್.

ಆ ವರ್ಷ ಯುಗಾದಿಗೂ ಮೊದಲಿನಿಂದ ಬ್ಯಾಂಡು ಸುಮ್ಮನಿತ್ತು. ಶ್ರಾವಣದ ಒಂದು ಸಂಜೆ, ಕಂಪನಿ ಬಸ್ಸು ಹಿರೇಹಳ್ಳಿ ಬಿಟ್ಟು ಹೈವೇ ಹತ್ತುವಾಗ, ಗುಂಪಿಗೆ ಲೋಕಿ ಒಂದು ಹಾಡು ಹಾಕಿದ. "ಹೊಸದು. ಕೇಳಿ ಹೇಳಿ." ಇಷ್ಟೇ ಬರೆದಿದ್ದ. ನಾಲ್ಕು ನಿಮಿಷ ಐವತ್ತು ಸೆಕೆಂಡಿನದು. ಕಿಟಕಿಯ ಮೇಲೆ ಮಳೆ ಹೊಡೆಯುತ್ತಿತ್ತು. ಇಯರ್‌ಫೋನ್ ಸಿಕ್ಕಿಸಿಕೊಳ್ಳುವಾಗ ಖುಷಿಗೆ ಬೆರಳು ನಿಲ್ಲುತ್ತಿರಲಿಲ್ಲ.

ಮೊದಲು ಯಾರೋ ಏದುಸಿರು ಬಿಟ್ಟ ಹಾಗೆ ಸದ್ದಾಯಿತು. ಆಮೇಲೆ ಹಾರ್ಮೋನಿಯಂ. ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ಕಾಲಿನಲ್ಲಿ ತುಳಿದು ಬಾರಿಸುವ ದೊಡ್ಡ ಪೆಟ್ಟಿಗೆ. ಅದರ ಹಿಂದೆ ಲೋಕಿಯ ದನಿ, ಪಕ್ಕದಲ್ಲಿ ಕೂತು ಮಾತಾಡುವಷ್ಟು ತಗ್ಗಿನಲ್ಲಿ. ಡ್ರಮ್ಸ್ ಇರಲಿಲ್ಲ. ಗಿಟಾರ್ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಒಂದು ನಿಮಿಷ ನಲವತ್ತು ಸೆಕೆಂಡಿಗೆ ನಿಲ್ಲಿಸಿದೆ. ನಿಲ್ಲಿಸಿದಾಗ ಪರದೆಯ ಮೇಲೆ ಅದೇ ಅಂಕಿ ಇತ್ತು, ಅದಕ್ಕೇ ನೆನಪಿದೆ. ಹನ್ನೆರಡು ವರ್ಷದಿಂದ ನನ್ನದಾಗಿದ್ದ ಒಂದನ್ನು ಯಾರೋ ಕೇಳದೆ ಎತ್ತಿಕೊಂಡು ಹೋದ ಹಾಗಾಗಿತ್ತು. ಗುಂಪಿನಲ್ಲಿ ಬರೆದೆ. "ಇದು ತಗಡಲ್ಲ." ಅದು ಸಾಲಲಿಲ್ಲ. ಇನ್ನೊಂದು ಬರೆದೆ. "ಯಾರ ಮನೆ ಭಜನೆ ಇದು ಲೋಕಿ?"

ಅಡ್ಮಿನ್ನೇ ಹೀಗೆಂದ ಮೇಲೆ ಕೇಳಬೇಕೆ. "ಕೃಷ್ಣನ ಪಾರ್ಟು ಖಾಲಿ ಇದ್ಯಾ ಗುರೂ?" "ಪರದೆ ಎಳೀರಪ್ಪೋ." "ಲೋಕಿಗೆ ಕಿರೀಟ ಒಂದು ಬಾಕಿ." ಬಸ್ಸು ಕ್ಯಾತ್ಸಂದ್ರ ತಲುಪುವಷ್ಟರಲ್ಲಿ ಇಂಥವು ನಲವತ್ತರ ಮೇಲೆ ಬಂದಿದ್ದವು. ಲೋಕಿಯೂ ಅನ್ವರೂ ಎಲ್ಲವನ್ನೂ ಓದಿದ್ದರು, ಒಂದಕ್ಕೂ ಉತ್ತರ ಕೊಟ್ಟಿರಲಿಲ್ಲ.

ಮನೆಗೆ ಬಂದು ಛತ್ರಿ ಮಡಿಸುವಾಗಲೇ ಭಾಗ್ಯಳ ಫೋನು. ಅವಳು ಈಗ ಕುಣಿಗಲ್ಲಿನಲ್ಲಿ ಹೈಸ್ಕೂಲು ಟೀಚರು.

"ಏನೇ ಅದು ಬರ್ದಿರೋದು? ಎಷ್ಟ್ ಸಲ ಕೇಳ್ದೆ ಹಾಡನ್ನ?"

"ಕೇಳ್ದೆ."

"ಎಷ್ಟ್ ಸಲ ಅಂತ ಕೇಳಿದ್ದು."

"ಪೂರ್ತಿ ಕೇಳೋ ಹಂಗಿರ್ಲಿಲ್ಲ ಕಣೇ ಅದು."

"ಅಂದ್ರೆ ಒಂದ್ ಸಲಾನೂ ಕೇಳಿಲ್ಲ. ಅಲ್ಲಿ ಫ್ಯಾಕ್ಟರೀಲಿ ಗೇಜ್ ಹಾಕ್ದೆ ಕೆಂಪು ಟ್ರೇಗೆ ಎಸೆದ್ರೆ ನಿಮ್ ಸೂಪರ್‌ವೈಸರ್ ಏನ್ ಮಾಡ್ತಾನೆ?"

"ನೀನು ಮೇಷ್ಟ್ರಿಕೆ ಮಾಡ್ಬೇಡ" ಎಂದು ಫೋನಿಟ್ಟೆ. ಆದರೂ ಉಳಿದ ಮೂರು ನಿಮಿಷ ಹತ್ತು ಸೆಕೆಂಡನ್ನು ಕೇಳಲಿಲ್ಲ. ಹಟ ಎನ್ನಬೇಕೋ ಭಯ ಎನ್ನಬೇಕೋ. ಕೇಳಿದರೆ ಇಷ್ಟವಾಗಿಬಿಡಬಹುದೆಂಬ ಭಯವೂ ಇತ್ತು ಎಂದು ಈಗ ಅನ್ನಿಸುತ್ತದೆ.

ವಾರದ ನಂತರ ಲೋಕಿ ನಮ್ಮ ಗೇಟಿನ ಎದುರಿನ ಟೀ ಅಂಗಡಿಗೆ ಬಂದ. ಮಳೆ ನಿಂತಿತ್ತು, ಅಂಗಡಿಯ ಟಾರ್ಪಾಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ನಗುತ್ತಾ ಟೀ ಲೋಟ ಕೊಟ್ಟ.

"ಭಜನೆಗೆ ಪ್ರಸಾದ ತಗೋಳಮ್ಮ."

"ಸಾರಿ ಲೋಕಿ. ಆದ್ರೆ ಇಷ್ಟ ಆಗ್ಲಿಲ್ಲ ನಂಗೆ. ಯಾಕೋ ಹಿಂಗ್ ಮಾಡ್ದೆ?"

"ಎರಡನೇ ಪಾಳಿ ಹಾಡುವಾಗ ನಂಗೆ ಸಿಟ್ಟು ಬರ್ತಿಲ್ಲ ಸುಮಾ. ಬಂದು ಮೂರ್ ವರ್ಷ ಆಯ್ತು. ಅಪ್ಪ ರಿಟೈರ್ ಆಗಿ ಬಾಗ್ಲಲ್ಲಿ ಚೇರ್ ಹಾಕ್ಕೊಂಡ್ ಕೂತಿರ್ತಾರೆ, ನಾನು ಅವ್ರ ಸೈಕಲ್ ಮೇಲೆ ಅರಚ್ತಾ ಇದೀನಿ. ನೀವೆಲ್ಲ ತಗಡು ಬಡಿಯೋವಾಗ ನಾನು ಸಿಟ್ಟಿನ ಪಾರ್ಟ್ ಮಾಡ್ತಿದೀನಿ ಅಷ್ಟೇ. ಕಿರೀಟ ಇಲ್ದೇನೇ ನಾಟಕ ಆಡ್ತಿದ್ದೆ. ಅದಕ್ಕೆ ನೀವ್ಯಾರೂ ನಗ್ಲಿಲ್ಲ."

ನಾನು ಲೋಟ ಕೆಳಗಿಟ್ಟೆ.

"ಗುಬ್ಬೀಲಿ ಒಂದು ಷೋ ಇಟ್ಕೊಂಡಿದೀವಿ, ಭಾದ್ರಪದದಲ್ಲಿ. ಚೇಳೂರು ಕಡೆ ರುದ್ರಪ್ಪ ಮೇಷ್ಟ್ರು ಅಂತ, ಪೆಟ್ಟಿಗೆ ಅವ್ರದೇ. ಈ ವಯಸ್ಸಲ್ಲಿ ನಮ್ ಜೊತೆ ಕೂರೋಕೆ ಒಪ್ಪವ್ರೆ. ನೀನು ಬಾ. ನೀನು ಬಂದ್ರೆ ಎಲ್ರೂ ಬರ್ತಾರೆ."

"ಅದೂ ಆಗಿ ಬರ್ಲಿಲ್ಲ ಅಂದ್ರೆ?"

"ಗಿಟಾರ್ ಎತ್ತಿ ಅಟ್ಟದ ಮೇಲೆ ಇಟ್ಬಿಡ್ತೀನಿ. ಬ್ಯಾಂಡು ಮುಗೀತು. ಅನ್ವರ್‌ಗೂ ಹೇಳಿದೀನಿ. ಹಳೇದನ್ನ ನಟಿಸ್ಕೊಂಡು ಇರಕ್ಕಾಗಲ್ಲ."

ಬರುತ್ತೇನೆಂದೆ. ಹಾಡನ್ನು ಒಂದು ನಿಮಿಷ ನಲವತ್ತು ಸೆಕೆಂಡು ಮಾತ್ರ ಕೇಳಿದ್ದೇನೆಂದು ಹೇಳಲಿಲ್ಲ. ತಗಡು ತರಬೇಕೋ ಬೇಡವೋ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಗುಬ್ಬಿಯ ಷೋ ಒಂದು ಶನಿವಾರ ಮಧ್ಯಾಹ್ನ, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಕಲ್ಯಾಣ ಮಂಟಪದಲ್ಲಿ. ಹೊರಗೆ ಮಳೆ ಹಿಡಿದುಕೊಂಡಿತ್ತು. ನಾವು ನಲವತ್ತು ಜನ ಹೋಗಿದ್ದೆವು, ಕಪ್ಪು ಟೀ ಷರಟು, ಚೀಲದಲ್ಲಿ ತಗಡು. ಒಳಗೆ ಹೋದರೆ ಮುಂದಿನ ಕುರ್ಚಿಗಳಲ್ಲಿ ಮೇಷ್ಟ್ರ ಕಡೆಯವರು ಕೂತಿದ್ದರು. ಚೇಳೂರು ಸುತ್ತಿನ ಹಳ್ಳಿಗಳಲ್ಲಿ ಅವರ ಹತ್ತಿರ ನಾಟಕ ಕಲಿತ ಭೀಮರು, ದುರ್ಯೋಧನರು. ಹೆಗಲ ಮೇಲೆ ಟವಲು, ಒದ್ದೆ ಛತ್ರಿ ಕಾಲಡಿಗೆ. ಅವರಲ್ಲೊಬ್ಬರು ನಮ್ಮವರ ಕೂದಲು ನೋಡಿ, "ಇವ್ರು ಯಾವ ಸೀನಿಗ್ ಬತ್ತಾರ್ಲಾ?" ಎಂದು ಪಕ್ಕದವರನ್ನು ಕೇಳಿದರು. ನಮ್ಮವರೂ ನಕ್ಕರು.

ರುದ್ರಪ್ಪ ಮೇಷ್ಟ್ರು ಎಪ್ಪತ್ತು ದಾಟಿದವರು. ಸಣಕಲು ಮೈ, ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಹಣೆಯಲ್ಲಿ ವಿಭೂತಿ. ಚಪ್ಪಲಿ ಬಿಟ್ಟು ವೇದಿಕೆ ಹತ್ತಿ, ಪೆಟ್ಟಿಗೆಗೆ ಊದುಬತ್ತಿ ಬೆಳಗಿ, ಮುಚ್ಚಳ ತೆಗೆದು ಕೂತರು. ನಾನು ನನ್ನ ಎಂದಿನ ಜಾಗದಲ್ಲಿ ನಿಂತಿದ್ದೆ.

ಅನ್ವರ್ ಕಡ್ಡಿ ಎತ್ತಿದ. ಟಕ್. ಎಂದಿಗಿಂತ ನಿಧಾನ. ಟಕ್. ಟಕ್. ಟಕ್.

ಇಲ್ಲಿ ನನಗೆ ಗೊತ್ತಿಲ್ಲ. ಹನ್ನೆರಡು ವರ್ಷದ ಅಭ್ಯಾಸಕ್ಕೆ ಕೈ ತಾನಾಗಿ ಹೋಯಿತೋ, ಹಳೆಯದು ವಾಪಸ್ ಬರಲಿ ಎಂಬ ಆಸೆಗೆ ಹೋಯಿತೋ. ನಾನು ಬಡಿದೆ. ನನ್ನ ಕೈ ನೋಡುತ್ತಿದ್ದವರೆಲ್ಲ ಬಡಿದರು. ಮುಚ್ಚಿದ ಹಾಲಿನಲ್ಲಿ ಅದು ಸಿಡಿಲಿನ ಹಾಗೆ ಕೇಳಿಸಿತು. ಆದರೆ ಅದರ ಮೇಲೆ ಬೀಳಬೇಕಾದ ಗಿಟಾರ್ ಬೀಳಲಿಲ್ಲ. ಲೋಕಿಯ ಕೈ ತಂತಿಯ ಮೇಲೆ ಇರಲೇ ಇಲ್ಲ. ಹೊಸ ಹಾಡಿನಲ್ಲಿ ಐದನೇ ಏಟಿನ ಜಾಗವನ್ನು ಅವರು ಖಾಲಿ ಬಿಟ್ಟಿದ್ದರು.

ಮೇಷ್ಟ್ರು ತುಳಿಯುತ್ತಿದ್ದ ಕಾಲನ್ನು ನಿಲ್ಲಿಸಿದರು. ತಲೆ ಎತ್ತಿ ನಮ್ಮ ಕೈಗಳನ್ನು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಮುಚ್ಚಿ, ಎದ್ದು ಒಳಗೆ ಹೋದರು. ಮುಂದಿನ ಸಾಲಿನ ಭೀಮರೆಲ್ಲ ಎದ್ದು ನಿಂತರು, ಅವರಲ್ಲೊಬ್ಬರು ಕೂಗಿದರು. "ಯಾರಮ್ಮ ಡಬ್ಬ ಬಡ್ದೋರು? ಯಜಮಾನ್ರು ಪೆಟ್ಟಿಗೆ ಮುಚ್ಚುದ್ರೆ ಆಟ ಮುಗೀತು. ಆವತ್ತು ಮತ್ತೆ ತೆಗೆಯಕ್ಕಿಲ್ಲ." ಅವರ ಕಡೆ ನಾಟಕದಲ್ಲಿ ಯಾರಾದರೂ ಪಾರ್ಟು ಕೆಡಿಸಿದರೆ ಜನ ಡಬ್ಬ ಬಡಿಯುತ್ತಿದ್ದರಂತೆ, ಎದ್ದು ಹೋಗು ಎಂಬ ಅರ್ಥದಲ್ಲಿ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಸ್ವಾಗತವಿರಲಿಲ್ಲ.

ಲೋಕಿ ಮೈಕಿನಲ್ಲಿ, "ಇವತ್ತು ಇಷ್ಟೇ, ಕ್ಷಮಿಸಿ" ಎಂದ. ಅನ್ವರ್ ಕಡ್ಡಿಗಳನ್ನು ಡ್ರಮ್ಮಿನ ಮೇಲಿಟ್ಟು ಅಂಗೈ ನೋಡಿಕೊಳ್ಳುತ್ತಾ ಕೂತಿದ್ದ. ನನ್ನ ಕೈಯಲ್ಲಿದ್ದ ತಗಡು ಇನ್ನೂ ಸಣ್ಣಗೆ ಅದುರುತ್ತಿತ್ತು. ಅದನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಲ್ಲಿಸಿದೆ.

ಮರುದಿನ ಬೆಳಗ್ಗೆ ಲೋಕಿಗೆ ಫೋನು ಮಾಡಿದೆ. ಮೊದಲು ಒಂದು ನಿಮಿಷ ನಲವತ್ತು ಸೆಕೆಂಡಿನ ವಿಷಯ ಹೇಳಿದೆ. ಅವನು, "ಎರಡು ನಿಮಿಷಕ್ಕೆ ಬರ್ತಿತ್ತು ಕಣೇ" ಅಂದ. ಏನು ಬರುತ್ತಿತ್ತು ಎಂದು ಹೇಳಲಿಲ್ಲ. ಮೇಷ್ಟ್ರನ್ನು ನೋಡಿ ಕ್ಷಮೆ ಕೇಳಬೇಕೆಂದೆ. "ನಡಿ, ನಾನೂ ಬರ್ತೀನಿ. ಹೆಂಗೂ ಮುಗಿದೋಗಿದೆ, ಮರ್ಯಾದೆಯಾಗಿ ಮುಗಿಸೋಣ" ಅಂದ.

ಅದೇ ದಿನ ಗುಬ್ಬಿಯಿಂದ ಚೇಳೂರಿನ ಬಸ್ಸು ಹಿಡಿದೆವು. ಅವನ ತೊಡೆಯ ಮೇಲೆ ಗಿಟಾರ್, ಕಾಲ ನಡುವೆ ಒಂದು ಸಣ್ಣ ಸ್ಪೀಕರು. ಹೊರಗೆ ರಾಗಿ ಮೊಣಕಾಲೆತ್ತರ ಬಂದಿತ್ತು, ಮಳೆ ತೊಳೆದು ಬಿಟ್ಟಿದ್ದರಿಂದ ಹಸಿರು ಕಣ್ಣಿಗೆ ಚುಚ್ಚುವಷ್ಟಿತ್ತು.

ಮೇಷ್ಟ್ರು ತಾಲೀಮು ಮಾಡಿಸುವುದು ತಮ್ಮ ಮನೆಯ ಹಜಾರದಲ್ಲೇ. ನಾವು ಹೋದಾಗ ಪಂಚಾಯ್ತಿಯ ವಾಟರ್‌ಮ್ಯಾನ್ ಒಬ್ಬರು ಭೀಮನ ಪಾರ್ಟು ಕಲಿಯುತ್ತಿದ್ದರು. ಗದೆಗೆ ಬದಲು ಛತ್ರಿ. "ಎಲೈ ದುಶ್ಯಾಸನ!" ಎನ್ನುವಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಮೇಷ್ಟ್ರು ಕಣ್ಣು ಬಿಡದೆ, "ದುಸ್ಯಾಸನನೇ ಇರಬೇಕು, ನೀರು ಬುಟ್ಟಿಲ್ಲ ಅಂತ ಕೇಳ್ತಾನೆ, ಹೋಗಿ ಬುಟ್ಬುಟ್ಟು ಬಾ" ಎಂದರು. ಭೀಮ ಛತ್ರಿ ಬಿಚ್ಚಿಕೊಂಡು ಹೊರಟುಹೋದ. ನಾವು ಚಪ್ಪಲಿ ಬಿಟ್ಟು ಒಳಗೆ ಹೋದೆವು.

"ಡಬ್ಬ ಬಡಿದೋಳು ನಾನೇ ಮೇಷ್ಟ್ರೇ" ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಅದೊಂದೇ ನೆನಪಿಗೆ ಬಂತು. "ನಿಮ್ಮನ್ನ ಎಬ್ಬಿಸೋಕೆ ಅಲ್ಲ. ನಾವು ಹಂಗೇ ಕರ್ಕೊಳ್ಳೋದು."

"ಕರ್ಕೊಳ್ಳೋದಾ?" ಕಣ್ಣು ಬಿಟ್ಟರು. "ನಮ್ಮಲ್ಲಿ ಕರಿಯೋರು ಕಾಯಿ ಒಡೀತಾರೆ. ಎಲ್ಲಿ, ತೋರ್ಸವ್ವ ಅದನ್ನ."

ಚೀಲದಿಂದ ತಗಡು ತೆಗೆದು ಕೊಟ್ಟೆ. ತಿರುಗಿಸಿ ನೋಡಿದರು. ಬೆರಳ ಗೆಣ್ಣಿನಿಂದ ತಟ್ಟಿ ಕಿವಿಯ ಹತ್ತಿರ ಹಿಡಿದರು. ಇನ್ನೊಂದು ಮೂಲೆಯಲ್ಲಿ ತಟ್ಟಿದರು.

"ಎಣ್ಣೆ ಡಬ್ಬದ್ದಾ?"

"ಹ್ಞೂ."

"ಅಂಚು ಮಡಿಸ್ಬುಟ್ಟಿದ್ದೀಯ, ಅದಕ್ಕೇ ಸ್ವಲ್ಪ ಮಂದ ಐತೆ. ಆದ್ರೂ ದನಿ ಐತೆ ಬುಡು." ತಗಡನ್ನು ನನ್ನ ಕೈಗೆ ಕೊಟ್ಟರು. "ಹಾಡು ಕೇಳಿದ್ದೀಯೇನವ್ವ?"

ಲೋಕಿ ನನ್ನ ಕಡೆ ನೋಡಿದ. "ಇಲ್ಲ" ಎಂದೆ.

"ಹಾಡು ಕೇಳ್ದೆ ತಾಳ ಹಾಕಕ್ಕೆ ಬಂದವ್ಳಲ್ಲ ಲೋಕೇಸ!" ಅವರು ಮೈ ಕುಲುಕಿಸಿ ನಕ್ಕರು. ಆಮೇಲೆ ಪೆಟ್ಟಿಗೆಯ ಕಡೆ ಜರುಗಿ ಮುಚ್ಚಳ ತೆಗೆದರು. "ಕೂತ್ಕೋ. ಕೈ ಕಟ್ಕೊಂಡು ಕೂತ್ಕೋ."

ಲೋಕಿ ಗಿಟಾರ್ ತೆಗೆದು ತಂತಿಗಳನ್ನು ಒಂದೊಂದಾಗಿ ಸಡಿಲ ಮಾಡತೊಡಗಿದ. ಮೇಷ್ಟ್ರ ಪೆಟ್ಟಿಗೆ ಬಹಳ ಹಳೆಯದು, ಅದರ ಶ್ರುತಿ ಗಿಟಾರಿನದಕ್ಕಿಂತ ಕೂದಲೆಳೆಯಷ್ಟು ಕೆಳಗಿತ್ತು. "ಅದು ನಮಗೆ ಬಗ್ಗಲ್ಲ, ಇಡೀ ಬ್ಯಾಂಡೇ ಬಗ್ಗಬೇಕು" ಎಂದು ನನಗೆ ಮೆಲ್ಲಗೆ ಹೇಳಿದ. ಮೇಷ್ಟ್ರು ಕಾಲಿನಲ್ಲಿ ತುಳಿದರು. ಬಸ್ಸಿನಲ್ಲಿ ಕೇಳಿದ ಆ ಏದುಸಿರು ಬಂತು. ಅದು ತಿದಿಯ ಗಾಳಿ. ಇಲಿ, ನುಸಿ ತಿದಿಯ ಚರ್ಮವನ್ನು ಕಡಿಯದಿರಲಿ ಎಂದು ಪೆಟ್ಟಿಗೆಯೊಳಗೆ ನುಸಿಗುಳಿಗೆ ಹಾಕಿಟ್ಟಿದ್ದರು. ಪ್ರತಿ ತುಳಿತಕ್ಕೂ ಅದರ ವಾಸನೆ ನನ್ನ ಮುಖಕ್ಕೆ ಬೀಸುತ್ತಿತ್ತು.

ಒಂದು ನಿಮಿಷ ನಲವತ್ತು ಸೆಕೆಂಡು ದಾಟಿತು. ಗಡಿಯಾರ ನೋಡಲಿಲ್ಲ, ಆದರೆ ಆ ಜಾಗ ನನಗೆ ಗೊತ್ತಿತ್ತು. ಅದರಿಂದಾಚೆ ಲೋಕಿ ಇನ್ನೊಂದು ಸಾಲು ಹಾಡಿದ. ಆಗ ಹಾರ್ಮೋನಿಯಂನ ಕೆಳಗಿನಿಂದ ಗಿಟಾರ್ ಬಂತು. ಎಂಟು ಸ್ವರ. ಅದೇ ಎಂಟು ಸ್ವರ. ಗರಗಸದ ಹಾಗಿದ್ದದ್ದು ಈಗ ಸೈಕಲ್ಲಿನ ಪೆಡಲ್ ತಿರುಗಿದ ಹಾಗೆ ನಿಧಾನವಾಗಿ, ಒಂದಾದ ಮೇಲೊಂದು. ಹಳೆಯ ಹಾಡಿನಲ್ಲಿ ಡಬ್ಬಿ ಹಿಡಿದು ಕಾರ್ಖಾನೆಗೆ ಹೋದ ಮನುಷ್ಯ ಈ ಹಾಡಿನಲ್ಲಿ ಪಾಳಿ ಮುಗಿಸಿ ಮನೆಗೆ ಬರುತ್ತಿದ್ದ. ಹನ್ನೆರಡು ವರ್ಷ ನಾವು ಅವನನ್ನು ಕಳಿಸಿಕೊಟ್ಟೇ ಇದ್ದೆವು. ವಾಪಸ್ ಬಂದನೇ ಎಂದು ಒಮ್ಮೆಯೂ ಕೇಳಿರಲಿಲ್ಲ. ನನ್ನ ತೋಳಿನ ಕೂದಲು ಎದ್ದು ನಿಂತದ್ದನ್ನು ನೋಡಿದೆ. ಅಳು ಬರುತ್ತದೆ ಎಂದುಕೊಂಡೆ, ಬಂದದ್ದು ನಗು. ಕಾಲೇಜಿನ ಆ ಕಾರ್ಯಕ್ರಮದಿಂದ ಹಾಸ್ಟೆಲಿಗೆ ನಡೆದು ಬರುವಾಗ ತಡೆಯಲಾಗದೆ ಬಂದ ಅದೇ ನಗು.

ಹಾಡು ಮುಗಿದ ಮೇಲೆ ಎದ್ದು ನಿಂತುಬಿಟ್ಟಿದ್ದೆ. "ಇನ್ನೊಂದ್ ಸಲ ಮೇಷ್ಟ್ರೇ, ಇನ್ನೊಂದೇ ಸಲ."

"ನೋಡ್ಲಾ, ಈಗ ಕೇಳ್ತಾವ್ಳೆ" ಎಂದರು ಮೇಷ್ಟ್ರು. ಮೂರು ಸಲ ಬಾರಿಸಿದರು. ನಾಲ್ಕನೇ ಸಲ, ಹಾಡಿನ ತುದಿಯಲ್ಲಿ ಎಲ್ಲ ನಿಂತು ಒಂದು ಸ್ವರ ಮಾತ್ರ ಉಳಿದಾಗ, ನನ್ನ ಕಡೆ ಗಲ್ಲ ಎತ್ತಿದರು. ಕೈ ಕಟ್ಟಿಕೊಂಡವಳು ಅರ್ಥವಾಗದೆ ನೋಡಿದೆ. "ಹೊಡೀ ಮತ್ತೆ! ಮನೆ ಬಂತಲ್ಲ, ಸೈಕಲ್ಲು ನಿಲ್ಸದು ಬ್ಯಾಡ್ವಾ ಅವನು?" ಹೊಡೆದೆ. ಸ್ಟ್ಯಾಂಡು ಹಾಕಿದ ಸದ್ದೇ ಅದು.

ಹಾಗೆ ಅವರು ಇನ್ನೊಮ್ಮೆ ಕೂರಲು ಒಪ್ಪಿದರು. ಆದರೆ ಒಂದು ಮಾತು ಹೇಳಿದರು. "ನಂಗೆ ವಯಸ್ಸಾಯ್ತು ಕಣವ್ವ. ಇನ್ನೊಂದ್ ಸಲ ಮುಚ್ಚಳ ಹಾಕುದ್ರೆ ನಿಮ್ ಜೊತೆ ಮತ್ತೆ ತೆಗೆಯಕ್ಕಿಲ್ಲ." ಲೋಕಿ ತಲೆಯಾಡಿಸಿದ. ಮೇಷ್ಟ್ರು ಇಲ್ಲದಿದ್ದರೆ ಹಾಡಿಲ್ಲ, ಹಾಡಿಲ್ಲದಿದ್ದರೆ ಬ್ಯಾಂಡಿಲ್ಲ. ಮೂವರಿಗೂ ಅದು ಗೊತ್ತಿತ್ತು.

ಅಂದು ಸಂಜೆ ಗುಂಪಿನಲ್ಲಿ ಬರೆದೆ. ನಾನು ಕೇಳಿದ್ದು ಎಷ್ಟು ಸೆಕೆಂಡು, ಕೇಳದೆ ಬಿಟ್ಟದ್ದು ಎಷ್ಟು, ಗುಬ್ಬಿಯಲ್ಲಿ ಮೊದಲು ಬಡಿದದ್ದು ಯಾರು, ಎಲ್ಲವನ್ನೂ. ಕೊನೆಗೆ, "ಮುಂದಿನ ಷೋ ಕುಣಿಗಲ್ಲಿನಲ್ಲಿ, ಪೂರ್ತಿ ಕೇಳಿದವರು ಮಾತ್ರ ಬನ್ನಿ" ಎಂದು ಸೇರಿಸಿದೆ. ಕೆಲವರು ಬೈದರು. "ಅಡ್ಮಿನ್ ಪಾರ್ಟಿ ಬದಲಾಯಿಸಿದ್ರು" ಎಂದೊಬ್ಬ ಬರೆದ. ಆ ವಾರ ಬಹಳ ಜನ ಗುಂಪು ಬಿಟ್ಟರು. ಅವರಲ್ಲಿ ನನಗಿಂತ ಹಳೆಯ ಅಭಿಮಾನಿಗಳೂ ಇದ್ದರು. ಅವರದು ತಪ್ಪು ಎಂದು ನಾನು ಹೇಳಲಾರೆ. ಪೂರ್ತಿ ಕೇಳಿಯೂ ಇಷ್ಟವಾಗದವರು ಅವರಲ್ಲಿ ಇದ್ದಿರಬಹುದು.

ಕುಣಿಗಲ್ಲಿನ ಷೋ ಕಾರ್ತಿಕದ ಒಂದು ಭಾನುವಾರ, ಭಾಗ್ಯ ಓಡಾಡಿ ಗೊತ್ತು ಮಾಡಿದ ಹಾಲಿನಲ್ಲಿ. ಆ ವರ್ಷ ಕೆರೆ ತುಂಬಿತ್ತು. ಬಸ್ಸಿನಿಂದ ಇಳಿದವರೆಲ್ಲ ಮೊದಲು ಏರಿಯ ಮೇಲೆ ಹೋಗಿ ನೀರು ನೋಡಿ ಬರುತ್ತಿದ್ದರು. ಮಧ್ಯಾಹ್ನದ ಬಿಸಿಲು, ತಣ್ಣನೆ ಗಾಳಿ. ನಮ್ಮವರು ಎಷ್ಟು ಜನ ಬಂದರು ಎಂದು ಬಾಗಿಲಲ್ಲಿ ನಿಂತು ಎಣಿಸಿದೆ. ಹತ್ತೊಂಬತ್ತು. ಚೇಳೂರಿನ ಭೀಮರು ಮಾತ್ರ ಒಂದು ಟೆಂಪೋ ಪೂರ್ತಿ ಬಂದಿದ್ದರು. ವಾಟರ್‌ಮ್ಯಾನ್ ಭೀಮ ನನ್ನನ್ನು ಗುರುತು ಹಿಡಿದು, "ಡಬ್ಬದಮ್ಮ ಬಂದ್ರು, ಯಜಮಾನ್ರೇ, ಹುಷಾರು!" ಎಂದು ಕೂಗಿದರು. ಹಾಲೆಲ್ಲ ನಕ್ಕಿತು.

"ತಪ್ಪಿ ಹೊಡೆದ್ಬಿಟ್ಟೀಯ ಕಣೇ. ತಗಡು ನನ್ ಹತ್ರ ಕೊಡು ಬೇಕಾದ್ರೆ" ಎಂದಳು ಭಾಗ್ಯ.

"ಬೇಡ, ನನ್ ಕೈಲೇ ಇರ್ಲಿ." ಕೈಯಲ್ಲಿಟ್ಟುಕೊಂಡೂ ಹೊಡೆಯದೆ ನಿಲ್ಲಬೇಕಿತ್ತು. ಉಳಿದವರು ಅದನ್ನು ನೋಡಬೇಕಿತ್ತು.

ಎಂದಿನ ಜಾಗ. ಬಲಗಡೆ, ಮುಂದೆ. ಅನ್ವರ್ ಒಂದು ಸಲ ನನ್ನ ಕಡೆ ನೋಡಿ ಕಡ್ಡಿ ಎತ್ತಿದ. ಟಕ್. ನಾನು ಕೈ ಎತ್ತಿದೆ. ಹತ್ತೊಂಬತ್ತು ಕೈ ಎದ್ದವು. ಟಕ್. ಮುಂದಿನ ಸಾಲಿನ ಟವಲುಗಳೆಲ್ಲ ನಮ್ಮ ಕಡೆ ತಿರುಗಿದವು. ಟಕ್. ಮೇಷ್ಟ್ರ ಒಂದು ಕೈ ಪೆಟ್ಟಿಗೆಯ ಸ್ವರದ ಮನೆಗಳ ಮೇಲಿತ್ತು, ಇನ್ನೊಂದು ಮುಚ್ಚಳದ ಅಂಚಿನ ಮೇಲೆ. ಟಕ್.

ಐದನೆಯದು ಬರಲಿಲ್ಲ.

ನನ್ನ ಕೈ ಗಾಳಿಯಲ್ಲಿ ಒಂದು ಗೇಣು ಮೇಲೆ ನಿಂತಿತ್ತು. ಹತ್ತೊಂಬತ್ತು ಕೈಗಳೂ ಹಾಗೇ ನಿಂತಿದ್ದವು. ಅಷ್ಟು ಜನರಿದ್ದ ಹಾಲಿನಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಹನ್ನೆರಡು ವರ್ಷ ಬಡಿದ ಯಾವ ಏಟಿಗೂ ನನ್ನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ. ಆ ಖಾಲಿ ಜಾಗದೊಳಗೆ ಮೇಷ್ಟ್ರ ಪೆಟ್ಟಿಗೆ ಉಸಿರೆಳೆದುಕೊಂಡಿತು. ನುಸಿಗುಳಿಗೆಯ ವಾಸನೆ ಮುಂದಿನ ಸಾಲು ದಾಟಿ ನನ್ನ ಮೂಗಿಗೆ ಬಂತು. ಮುಚ್ಚಳದ ಅಂಚಿನ ಮೇಲಿದ್ದ ಕೈಯನ್ನು ಅವರು ತೆಗೆದರು.

ಎಂಟು ಸ್ವರಗಳು ಬಂದಾಗ ಹಿಂದಿನಿಂದ ಯಾರೋ "ಹೇ!" ಎಂದು ಚೀರಿದರು. ನಮ್ಮವರೇ. ಅನ್ವರ್ ಡ್ರಮ್ಮನ್ನು ಕಡ್ಡಿಯಿಂದಲ್ಲ, ಅಂಗೈಯಿಂದ ತಟ್ಟುತ್ತಿದ್ದ. ಭೀಮರು, ದುರ್ಯೋಧನರು ಕುರ್ಚಿಯ ಕೈಗಳ ಮೇಲೆ ತಾಳ ಹಾಕುತ್ತಿದ್ದರು. ನನ್ನ ಪಕ್ಕದಲ್ಲಿ ಭಾಗ್ಯ ಕುಣಿಯುತ್ತಿದ್ದಳು, ಅವಳ ಸ್ಕೂಲಿನ ಹೆಡ್ ಮೇಡಂ ಎರಡು ಸಾಲು ಹಿಂದೆ ಕೂತಿದ್ದದ್ದನ್ನೂ ಮರೆತು. ಲೋಕಿ ಒಂದು ಸಲವೂ ಅರಚಲಿಲ್ಲ. ಹಾಡಿನ ತುದಿಯಲ್ಲಿ ಒಂದೇ ಸ್ವರ ಉಳಿದಾಗ ಮೇಷ್ಟ್ರು ತಲೆ ತಿರುಗಿಸಿ ನನ್ನನ್ನು ಹುಡುಕಿ ಗಲ್ಲ ಎತ್ತಿದರು.

ಹತ್ತೊಂಬತ್ತು ತಗಡು ಒಂದೇ ಸಲ. ಮನುಷ್ಯ ಮನೆ ಮುಟ್ಟಿದ.

ಲೋಕಿಯ ಅಪ್ಪ ಬಂದಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು, ಕೊನೆಯ ಸಾಲಿನಲ್ಲಿ ಟೋಪಿ ಹಾಕಿಕೊಂಡು ಕೂತಿದ್ದರಂತೆ. ಹಾಡು ಹೇಗಿತ್ತು ಎಂದು ಲೋಕಿ ಕೇಳಿದ್ದಕ್ಕೆ, "ನಾನು ಸೈಕಲ್ಲನ್ನ ಅಷ್ಟ್ ಜೋರಾಗಿ ಯಾವತ್ತೂ ನಿಲ್ಲಿಸ್ಲಿಲ್ಲ" ಎಂದಷ್ಟೇ ಹೇಳಿದರಂತೆ. ಮೇಷ್ಟ್ರು ಇನ್ನೂ ಎರಡು ವರ್ಷ ಅವರ ಜೊತೆ ಕೂತರು. ಈಗ ಮಂಡಿ ನೋವು, ತುಳಿಯಲು ಆಗುವುದಿಲ್ಲ. ಚೇಳೂರಿನಲ್ಲಿ ಕೂತಲ್ಲಿಂದಲೇ ಭೀಮರನ್ನು ಬೈಯುತ್ತಾರೆ.

ಕಳೆದ ಭಾನುವಾರ ಟ್ರಂಕಿನ ತಳದಲ್ಲಿ, ಸ್ವೆಟರೊಂದರ ಮಡಿಕೆಯಲ್ಲಿ, ಆ ತಗಡು ಸಿಕ್ಕಿತು. ಅಂಚಿನಲ್ಲಿ ಸ್ವಲ್ಪ ತುಕ್ಕು ಹಿಡಿದಿದೆ. ಅದನ್ನು ಒರೆಸುತ್ತಿದ್ದಾಗ ಫೋನು ಸದ್ದು ಮಾಡಿತು. ಗುಂಪಿಗೆ ಲೋಕಿ ಹಾಡು ಹಾಕಿದ್ದ. "ಹೊಸದು. ಕೇಳಿ ಹೇಳಿ." ಆರು ನಿಮಿಷ ಹನ್ನೆರಡು ಸೆಕೆಂಡು.

ಇದರಲ್ಲಿ ಹಾರ್ಮೋನಿಯಂ ಇಲ್ಲ. ಗಿಟಾರೂ ಇಲ್ಲ. ಕಂಪ್ಯೂಟರಿನಿಂದ ಬರುವ ಎಂಥದೋ ಸದ್ದು, ಮಿಕ್ಸಿ ತಿರುಗಿದ ಹಾಗೆ. ಮೊದಲ ಒಂದೂವರೆ ನಿಮಿಷ ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ. ಗುಂಪಿನಲ್ಲಿ ಆಗಲೇ ಯಾರೋ ಬರೆದಿದ್ದರು. "ಇದು ತಗಡಲ್ಲ."

ನಾನು ಏನೂ ಬರೆಯಲಿಲ್ಲ. ಟ್ರಂಕಿಗೆ ಒರಗಿ ಕೂತು, ತಗಡನ್ನು ತೊಡೆಯ ಮೇಲಿಟ್ಟುಕೊಂಡೆ. ಇನ್ನೂ ನಾಲ್ಕು ನಿಮಿಷ ನಲವತ್ತೆರಡು ಸೆಕೆಂಡು ಬಾಕಿ ಇತ್ತು.